ಟಿಂಗ್ ಅಂದರೆ ಯಾರಿಗೆ ದುಡ್ಡು?

ಹೋದ ತಿಂಗಳು ಒಟಿಪಿ ಯಾಕೆ ತಡವಾಗಿ ಬರುತ್ತದೆ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಫೋನಿನ ಟಿಂಗ್ ಟಿಂಗ್ ಮೇಲೆ ಎಲ್ಲರಿಗೂ ಸಿಟ್ಟಿದೆ ಅಂತ ಗೊತ್ತಾಯಿತು. ಹಾಗಾಗಿ ಈ ಸಲ ಬರೀ ಮೆಸೇಜ್ ವಿಷಯ. ನಾನು ಬೆಂಗಳೂರಿನ ಒಂದು ಬಲ್ಕ್ ಎಸ್ಸೆಮ್ಮೆಸ್ (ಬೇರೆ ಕಂಪನಿಗಳ ಪರವಾಗಿ ರಾಶಿ ರಾಶಿ ಮೆಸೇಜ್ ಕಳಿಸುವ) ಕಂಪನಿಯಲ್ಲಿ ಆರು ವರ್ಷ ಇದ್ದವನು. ಆದ್ದರಿಂದ ನಿಮ್ಮ ಬೈಗುಳದಲ್ಲಿ ನನಗೂ ಒಂದು ಪಾಲು ಸಲ್ಲಬೇಕು.

ನಿವೃತ್ತ ಮಾಸ್ತರರು, ಧಾರವಾಡ: ದಿನಕ್ಕೆ ಇಪ್ಪತ್ತು ಮೆಸೇಜ್ ಬರುತ್ತಾವ್ರೀ. ಒಂದನ್ನೂ ಓದುವುದಿಲ್ಲ, ಅಳಿಸಿ ಬಿಡುತ್ತೇನೆ. ಆದರೆ ಇದೇ ಕೆಲಸ ಮಾಡುವ ಕಂಪನಿಗಳಿಗೆ ಸಾವಿರಾರು ಕೋಟಿ ಬೆಲೆ ಅಂತ ಪೇಪರಿನಲ್ಲಿ ಓದಿದೆ. ಮೆಸೇಜ್ ಕಳಿಸುವುದರಲ್ಲಿ ಅಂಥದ್ದೇನಿದೆ?

ಮಾಸ್ತರೇ, ನೀವು ಅಳಿಸುವಷ್ಟರಲ್ಲಿ ದುಡ್ಡು ಆಗಲೇ ಕೈ ಬದಲಾಗಿರುತ್ತದೆ. ಎಸ್ಸೆಮ್ಮೆಸ್ ಹೊರಟರೆ ಸಾಕು, ಓದಬೇಕು ಅಂತೇನಿಲ್ಲ. ಕಳಿಸಿದ ಬ್ಯಾಂಕೋ ಅಂಗಡಿಯೋ ಒಂದಕ್ಕೆ ಹತ್ತಿಪ್ಪತ್ತು ಪೈಸೆ ಕೊಡುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮೊಬೈಲ್ ಆಪರೇಟರ್‌ಗೆ ಹೋಗುತ್ತದೆ, ಮಧ್ಯದ ಕಂಪನಿಗೆ ಚೂರು ಉಳಿಯುತ್ತದೆ. ಆ ಚೂರನ್ನು ಕೋಟಿಗಳಲ್ಲಿ ಗುಣಿಸಿದರೆ ವ್ಯಾಪಾರ.

ಆದರೆ ಅದು ಹೇಗೆ ದೊಡ್ಡದಾಯಿತು ಅನ್ನುವುದಕ್ಕೆ ಗಪ್‌ಶಪ್ ಕಂಪನಿಯ ಕಥೆ ಹೇಳಬೇಕು. ನನಗೆ ಈ ಧಂದೆಯಲ್ಲಿ ತುಂಬಾ ಇಷ್ಟವಾದ ಕಥೆ ಅದೇ, ಯಾಕೆಂದರೆ ಅವರು ಅಂದುಕೊಂಡ ಹಾಗೆ ಒಂದೂ ನಡೆಯಲಿಲ್ಲ. ಅದನ್ನು ಕಟ್ಟಿದ್ದು ಬೀರುದ್ ಶೇಠ್ ಅಂತ, ಐಐಟಿ ಬಾಂಬೆಯಲ್ಲಿ ಓದಿ ಎಂಐಟಿಗೆ ಹೋದವರು. ಈಲ್ಯಾನ್ಸ್ ಅನ್ನುವ ಫ್ರೀಲ್ಯಾನ್ಸ್ ಕೆಲಸದ ಸೈಟ್ ಕಟ್ಟಿದವರಲ್ಲಿ ಒಬ್ಬರು, ಅದು ಈಗ ಅಪ್‌ವರ್ಕ್ ಒಳಗೆ ಸೇರಿಹೋಗಿದೆ. 2004ರಲ್ಲಿ ಇವರ ಕಂಪನಿ ಶುರುವಾದದ್ದು ವೆಬಾರೂ ಅನ್ನುವ ಹೆಸರಿನಲ್ಲಿ. ಇಂಟರ್ನೆಟ್ಟನ್ನೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಕನೆಕ್ಷನ್ ಇಲ್ಲದಾಗ ಓದಿ ಅನ್ನುವ ಯೋಚನೆ. ಕನೆಕ್ಷನ್ ಎಲ್ಲ ಕಡೆ ಬರತೊಡಗಿದ ಮೇಲೆ ಅದು ಯಾರಿಗೆ ಬೇಕು? ನಡೆಯಲಿಲ್ಲ.

ಆಮೇಲೆ 2007ರ ಹೊತ್ತಿಗೆ ಎಸ್ಸೆಮ್ಮೆಸ್ ಗಪ್‌ಶಪ್ ಬಂತು. ನಿಮಗೆ ನೆನಪಿರಬಹುದು. ಒಂದು ಗುಂಪು ಮಾಡಿ, ಒಂದು ಮೆಸೇಜ್ ಹಾಕಿದರೆ ಗುಂಪಿನಲ್ಲಿರುವ ಎಲ್ಲರಿಗೂ ಹೋಗುತ್ತಿತ್ತು. ಜೋಕು, ಕ್ರಿಕೆಟ್ ಸ್ಕೋರು, ದೇವರ ಶ್ಲೋಕ, ಶಾಯರಿ. ಕಾಲೇಜಿನಲ್ಲಿ ನಮ್ಮ ಹಾಸ್ಟೆಲಿನ ಮೆಸ್ ಮೆನು ಕೂಡ ಅದರಲ್ಲೇ ಬರುತ್ತಿತ್ತು, ಉಪ್ಪಿಟ್ಟು ಅಂತ ಬಂದ ದಿನ ಯಾರೂ ಏಳುತ್ತಿರಲಿಲ್ಲ. ವಾಟ್ಸಾಪ್ ಇನ್ನೂ ಹುಟ್ಟಿರಲಿಲ್ಲ, ಸ್ಮಾರ್ಟ್‌ಫೋನ್ ಯಾರ ಹತ್ತಿರವೂ ಇರಲಿಲ್ಲ. ಕೋಟಿಗಟ್ಟಲೆ ಜನ ಸೇರಿಕೊಂಡರು. ಸಮಸ್ಯೆ ಏನು ಅಂದರೆ, ಜನರಿಗೆ ಅದು ಫ್ರೀ, ಆದರೆ ಹೋಗುವ ಪ್ರತಿ ಮೆಸೇಜಿಗೂ ಆಪರೇಟರ್‌ಗೆ ದುಡ್ಡು ಕಟ್ಟುತ್ತಿದ್ದವರು ಇವರು. ಜಾಹೀರಾತಿನಿಂದ ಸರಿದೂಗಿಸೋಣ ಅಂದುಕೊಂಡಿದ್ದರು. ಜನ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ಮದುವೆ ಊಟಕ್ಕೆ ಊರಿಗೇ ಹೇಳಿ, ಆಮೇಲೆ ಮುಯ್ಯಿ ಲೆಕ್ಕ ಹಾಕುತ್ತಾ ಕೂತ ಹಾಗೆ.

ಅದರ ಮೇಲೆ 2011ರ ಸೆಪ್ಟೆಂಬರ್ 27ರಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ತಂದ ನಿಯಮ ಜಾರಿಗೆ ಬಂತು. ಬೇಡದ ಮೆಸೇಜ್ ತಡೆಯಲು ಒಂದು ಸಿಮ್‌ನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಮಾತ್ರ ಅಂತ ಮಿತಿ, ಆಮೇಲೆ ಅದನ್ನು 200 ಮಾಡಿದರು. ಜಾಹೀರಾತು ಮೆಸೇಜಿಗೆ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮಾತ್ರ ಅವಕಾಶ. ಗುಂಪು ಹರಟೆಯ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

ಈಗ ತಮಾಷೆ ನೋಡಿ. ಅದೇ ಹೊತ್ತಿಗೆ ಇನ್ನೊಂದು ಬಾಗಿಲು ತೆರೆದಿತ್ತು. 2009ರ ಆಗಸ್ಟ್‌ನಿಂದ ಆನ್‌ಲೈನಿನಲ್ಲಿ ಕಾರ್ಡ್ ಉಜ್ಜಬೇಕಾದರೆ ಪಾಸ್‌ವರ್ಡ್, ಒಟಿಪಿಯಂಥ ಎರಡನೇ ಪರೀಕ್ಷೆ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. 2011ರಲ್ಲಿ, ಕಾರ್ಡಿನಲ್ಲಿ ಎಷ್ಟೇ ಸಣ್ಣ ಮೊತ್ತ ಖರ್ಚಾದರೂ ಗ್ರಾಹಕರಿಗೆ ತಿಳಿಸಿ ಅಂತ ಬ್ಯಾಂಕುಗಳಿಗೆ ಹೇಳಿತು. ಅಂದರೆ ಒಂದು ಸರ್ಕಾರಿ ಸಂಸ್ಥೆ ಹರಟೆ ನಿಲ್ಲಿಸಿತು, ಇನ್ನೊಂದು ಸಂಸ್ಥೆ ಬ್ಯಾಂಕಿನ ಮೆಸೇಜನ್ನು ಕಡ್ಡಾಯ ಮಾಡಿತು. ಕೋಟಿಗಟ್ಟಲೆ ಮೆಸೇಜ್ ತಡೆಯಿಲ್ಲದೆ ಕಳಿಸುವ ಯಂತ್ರ ಗಪ್‌ಶಪ್ ಹತ್ತಿರ ರೆಡಿ ಇತ್ತು. ಜನರನ್ನು ಬಿಟ್ಟರು, ಬ್ಯಾಂಕು, ಇ-ಕಾಮರ್ಸ್ ಕಂಪನಿಗಳನ್ನು ಹಿಡಿದರು. ಈ ಸಲ ಕಳಿಸುವವನೇ ದುಡ್ಡು ಕೊಡುತ್ತಾನೆ. ಅಷ್ಟೇ ವ್ಯತ್ಯಾಸ, ಆದರೆ ಅದೇ ಎಲ್ಲ.

2018ರಲ್ಲಿ ಕಂಪನಿಗಳೂ ಮೆಸೇಜ್ ಕಳಿಸಲಿ ಅಂತ ವಾಟ್ಸಾಪ್ ತನ್ನ ಬಾಗಿಲು ತೆರೆಯಿತು, ಅಲ್ಲೂ ಇವರು ಮೊದಲ ಸಾಲಿನಲ್ಲಿ ನಿಂತರು. ಕೊರೊನಾ ಬಂದು ಅಂಗಡಿ ಎಲ್ಲ ಫೋನಿಗೆ ಬಂತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಹೂಡಿಕೆ ಕಂಪನಿ ಟೈಗರ್ ಗ್ಲೋಬಲ್ 10 ಕೋಟಿ ಡಾಲರ್ ಹಾಕಿದಾಗ ಕಂಪನಿಯ ಬೆಲೆ 140 ಕೋಟಿ ಡಾಲರ್. ಜುಲೈನಲ್ಲಿ ಇನ್ನೂ 24 ಕೋಟಿ ಡಾಲರ್ ಬಂತು. ಆ ದುಡ್ಡಿನಲ್ಲಿ ಡಾಟ್‌ಗೋ, ನೋಲಾರಿಟಿ, ಆಕ್ಟಿವ್ ಡಾಟ್ ಎಐ ಅಂತ ಒಂದಾದ ಮೇಲೊಂದು ಕಂಪನಿ ಕೊಂಡರು. ಪೇಪರಿನವರು ರಾತ್ರೋರಾತ್ರಿ ಯುನಿಕಾರ್ನ್ (ನೂರು ಕೋಟಿ ಡಾಲರ್ ಬೆಲೆ ದಾಟಿದ ಕಂಪನಿ) ಆಯಿತು ಅನ್ನುವ ಧಾಟಿಯಲ್ಲಿ ಬರೆದರು. ಹದಿನೇಳು ವರ್ಷದ ರಾತ್ರಿ ಅದು. 2025ರ ಜುಲೈನಲ್ಲಿ ಮತ್ತೆ 6 ಕೋಟಿ ಡಾಲರಿಗಿಂತ ಜಾಸ್ತಿ ತಂದರು, ಆದರೆ ಈ ಸಲ ಅದರಲ್ಲಿ ಸಾಲವೂ ಸೇರಿತ್ತು. 2021ರ ಹುರುಪು ಬೇರೆ, ಈಗಿನ ಲೆಕ್ಕ ಬೇರೆ.

ನನಗೆ ಕಂಡದ್ದು ಇಷ್ಟು: ಈ ಕಂಪನಿಗಳು ಮಂಗಳೂರು ಕಡೆಯ ಖಾಸಗಿ ಬಸ್ಸಿನವರ ಹಾಗೆ. ಬಸ್ಸು ಅವರದು, ಕಂಡಕ್ಟರ್ ಚುರುಕು, ಎಲ್ಲ ಸರಿ. ಆದರೆ ರಸ್ತೆ ಬೇರೆಯವರದು, ಟೋಲು ಬೇರೆಯವರದು, ಪರ್ಮಿಟ್ ಇನ್ನೊಬ್ಬರದು. ರಸ್ತೆ ಬದಲಾದ ದಿನ ಬೇಗ ತಿರುಗಿಸಿಕೊಂಡವನು ಬೆಳೆದ.

ಗೃಹಿಣಿ, ಶಿವಮೊಗ್ಗ: ಈಗೀಗ ಮೆಸೇಜ್ ಕಳಿಸಿದವರ ಹೆಸರಿನ ಕೊನೆಗೆ ಪಿ, ಎಸ್, ಟಿ ಅಂತ ಇಂಗ್ಲಿಷ್ ಅಕ್ಷರ ಬರುತ್ತಿದೆ. ಏನದು?

2025ರಲ್ಲಿ ಟ್ರಾಯ್ ತಂದ ಬದಲಾವಣೆ. ಪಿ ಅಂದರೆ ಜಾಹೀರಾತು, ಎಸ್ ಅಂದರೆ ಸೇವೆಗೆ ಸಂಬಂಧಿಸಿದ್ದು, ಟಿ ಅಂದರೆ ಒಟಿಪಿಯಂಥ ವ್ಯವಹಾರದ ಮೆಸೇಜ್, ಜಿ ಅಂದರೆ ಸರ್ಕಾರದ್ದು. ಪಿ ಇದ್ದರೆ ಓದದೆ ಅಳಿಸಿ, ಏನೂ ಆಗುವುದಿಲ್ಲ. ಹಾಗೇ ಹೆಸರಿಗಿಂತ ಮೊದಲು ಬರುವ ಎರಡು ಅಕ್ಷರದಲ್ಲಿ ಮೊದಲನೆಯದು ಆಪರೇಟರ್, ಎರಡನೆಯದು ಅದು ಹೊರಟ ಸರ್ಕಲ್, ಅಂದರೆ ಪ್ರಾಂತ. ಕರ್ನಾಟಕಕ್ಕೆ ಎಕ್ಸ್. ಆದರೆ ಬ್ಯಾಂಕಿನ ಹೆಸರು ಹೇಳಿಕೊಂಡು ಹತ್ತಂಕಿಯ ಮಾಮೂಲಿ ನಂಬರಿನಿಂದ ಬಂದರೆ ಮಾತ್ರ ಲಿಂಕ್ ಮುಟ್ಟಬೇಡಿ ಅಮ್ಮಾ, ಮನೆಯವರಿಗೂ ಹೇಳಿ.

ಬಿಕಾಂ ವಿದ್ಯಾರ್ಥಿನಿ, ತುಮಕೂರು: ಸರ್, ಮೋಎಂಗೇಜ್ ಅನ್ನುವ ಕಂಪನಿಯಲ್ಲಿ ನನ್ನ ಅಕ್ಕನಿಗೆ ಇಂಟರ್‌ವ್ಯೂ ಇದೆ. ಅವರೂ ಮೆಸೇಜ್ ಕಳಿಸುವವರೇನಾ? "ಕಸ್ಟಮರ್ ಎಂಗೇಜ್‌ಮೆಂಟ್" ಅಂದರೆ ಏನು ಅಂತ ಅಕ್ಕನಿಗೂ ಸರಿಯಾಗಿ ಗೊತ್ತಿಲ್ಲ, ಕೇಳಲು ಸಂಕೋಚವಂತೆ.

ಸಂಕೋಚ ಬೇಡ, ಅಲ್ಲಿ ಕೆಲಸ ಮಾಡುವ ಅರ್ಧ ಜನರ ಅಪ್ಪ ಅಮ್ಮಂದಿರಿಗೂ ಗೊತ್ತಿರುವುದಿಲ್ಲ.

ಈ ಧಂದೆಯಲ್ಲಿ ಎರಡು ಜಾತಿ. ಒಂದು ಮೇಲೆ ಹೇಳಿದ ಹಾಗೆ ಕಳಿಸುವವರು, ಮೆಸೇಜಿಗಿಷ್ಟು ಅಂತ ದುಡ್ಡು. ಇನ್ನೊಂದು, ಯಾರಿಗೆ, ಯಾವಾಗ, ಏನು ಕಳಿಸಬೇಕು ಅಂತ ಲೆಕ್ಕ ಇಡುವವರು. ಮೋಎಂಗೇಜ್ ಎರಡನೇ ಜಾತಿ. ಬೆಂಗಳೂರಿನಲ್ಲೇ 2014ರಲ್ಲಿ ರವಿತೇಜ ದೊಡ್ಡ ಮತ್ತು ಯಶ್ವಂತ್ ಕುಮಾರ್ ಶುರು ಮಾಡಿದ್ದು. ಅದಕ್ಕೂ ಮುಂಚೆ ಅವರು ಡಿಲೈಟ್‌ಸರ್ಕಲ್ ಅಂತ ಅಂಗಡಿಗಳ ಆಫರ್ ತೋರಿಸುವ ಆಪ್ ಮಾಡಿದ್ದರು. ಅಂಥ ಆಪ್ ಮಾಡಿದ ಯಾರನ್ನಾದರೂ ಕೇಳಿ, ಒಂದೇ ಗೋಳು: ಜನ ಇಳಿಸಿಕೊಳ್ಳುತ್ತಾರೆ, ಎರಡು ದಿನ ನೋಡುತ್ತಾರೆ, ಮರೆತುಬಿಡುತ್ತಾರೆ. ಬಂದವರನ್ನು ಉಳಿಸಿಕೊಳ್ಳುವುದಕ್ಕೇ (ಕಸ್ಟಮರ್ ಎಂಗೇಜ್‌ಮೆಂಟ್ ಅಂದರೆ ಅದೇ) ಒಂದು ಸಾಫ್ಟ್‌ವೇರ್ ಬೇಕು ಅನ್ನುವುದೇ ಇಂಥ ಕಂಪನಿಗಳ ಬಂಡವಾಳ. 2022ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಹೂಡಿಕೆ ವಿಭಾಗ ಮತ್ತು ಬಿ ಕ್ಯಾಪಿಟಲ್ ಮುಂದೆ ನಿಂತು ಮೋಎಂಗೇಜ್‌ಗೆ 7.7 ಕೋಟಿ ಡಾಲರ್ ತಂದುಕೊಟ್ಟವು. ಮುಂಬೈಯ ಕ್ಲೆವರ್‌ಟ್ಯಾಪ್ ಇದೇ ಸಾಲಿನದು, 2013ರಲ್ಲಿ ವಿಜ್‌ರಾಕೆಟ್ ಅನ್ನುವ ಹೆಸರಿನಲ್ಲಿ ಹುಟ್ಟಿದ್ದು.

ಅಕ್ಕನಿಗೆ ಒಂದು ಉದಾಹರಣೆ ಹೇಳು, ಇಂಟರ್‌ವ್ಯೂನಲ್ಲಿ ಕೆಲಸಕ್ಕೆ ಬರುತ್ತದೆ. ರಾತ್ರಿ 11 ಗಂಟೆಗೆ ಒಬ್ಬಳು ಆಪಿನಲ್ಲಿ ಚಪ್ಪಲಿ ನೋಡಿ, ಸೈಜ್ 6 ಅಂತ ಆರಿಸಿ, ಕಾರ್ಟ್‌ಗೆ ಹಾಕಿ, ದುಡ್ಡು ಕಟ್ಟದೆ ಮಲಗಿದಳು. ಆಪಿನಿಂದ ಒಂದು ಸಾಲು ಆ ಸಾಫ್ಟ್‌ವೇರಿಗೆ ಹೋಯಿತು: ಇವಳು, ಈ ಚಪ್ಪಲಿ, ಈ ಹೊತ್ತು. ಮಾರ್ಕೆಟಿಂಗ್‌ನ ಹುಡುಗ ಮೊದಲೇ ಪರದೆಯ ಮೇಲೆ ಬಾಣದ ಗುರುತು ಎಳೆದು ನಿಯಮ ಹಾಕಿಟ್ಟಿರುತ್ತಾನೆ. ಒಂದು ಗಂಟೆ ಕಾಯಬೇಕು. ರಾತ್ರಿ ಆಗಿದ್ದರೆ ಬೆಳಗ್ಗೆಯವರೆಗೆ ಸುಮ್ನೆ ಇರಬೇಕು. ಬೆಳಗ್ಗೆ ಅವಳು ಸಾಮಾನ್ಯವಾಗಿ ಫೋನ್ ನೋಡುವ ಹೊತ್ತಿಗೆ ಒಂದು ನೋಟಿಫಿಕೇಶನ್. ಒತ್ತಲಿಲ್ಲವೋ, ಸಂಜೆ ವಾಟ್ಸಾಪ್. ಅಷ್ಟರಲ್ಲಿ ಕೊಂಡಳೋ, ಅಲ್ಲಿಗೇ ನಿಲ್ಲಿಸು. ಮುಖ್ಯವಾದದ್ದು ಕೊನೆಗಿದೆ: ಹತ್ತರಲ್ಲಿ ಒಬ್ಬರಿಗೆ ಏನನ್ನೂ ಕಳಿಸದೆ ಬಿಟ್ಟು ನೋಡಬೇಕು. ಕಳಿಸದವರೂ ಅಷ್ಟೇ ಕೊಂಡಿದ್ದರೆ ಮೆಸೇಜ್ ದಂಡ ಅಂತ ಅರ್ಥ. ಈ ಕೊನೆಯ ಹೆಜ್ಜೆಯನ್ನು ಬೇಕೆಂದೇ ಮರೆಯುವ ಕಂಪನಿಗಳು ಬೇಕಾದಷ್ಟಿವೆ, ಯಾಕೆಂದರೆ ಉತ್ತರ ಕೆಲವು ಸಲ ಮುಜುಗರದ್ದಾಗಿರುತ್ತದೆ.

ನೋಟಿಫಿಕೇಶನನ್ನು ಫೋನಿಗೆ ಸಾಗಿಸುವ ಆಪಲ್, ಗೂಗಲ್ ಅದಕ್ಕೆ ದುಡ್ಡು ಕೇಳುವುದಿಲ್ಲ. ಹಾಗಾಗಿ ಈ ಜಾತಿಯವರು ಮೆಸೇಜಿನ ಲೆಕ್ಕ ಬಿಟ್ಟು, ತಿಂಗಳಿಗೆ ಎಷ್ಟು ಜನ ಆಪ್ ಬಳಸುತ್ತಾರೆ ಅನ್ನುವ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಉಳಿಯುವುದೂ ಜಾಸ್ತಿ. ಅಮೆರಿಕದ ಎರಡು ಕಂಪನಿ ಹೋಲಿಸು: ಹೆಚ್ಚಾಗಿ ಕಳಿಸುವ ಕೆಲಸದ ಟ್ವಿಲಿಯೋಗೆ ನೂರು ರೂಪಾಯಿ ವ್ಯಾಪಾರದಲ್ಲಿ ನೇರ ಖರ್ಚು ಕಳೆದು 50ರ ಆಸುಪಾಸು ಉಳಿದರೆ, ಲೆಕ್ಕ ಇಡುವ ಬ್ರೇಜ್‌ಗೆ 70ರ ಹತ್ತಿರ.

ಅಕ್ಕನಿಗೆ ಒಂದು ಪ್ರಶ್ನೆ ಗ್ಯಾರಂಟಿ ಬರಬಹುದು: ಕಳಿಸಿದ ನೋಟಿಫಿಕೇಶನ್ ಯಾಕೆ ತಲುಪುವುದಿಲ್ಲ? ನಮ್ಮಲ್ಲಿ ಜಾಸ್ತಿ ಇರುವ ಚೀನಾ ಮೂಲದ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ಓಡುತ್ತಿರುವ ಆಪ್‌ಗಳನ್ನು ಮುಚ್ಚಿಬಿಡುತ್ತವೆ. ಆಪ್ ಮಲಗಿದರೆ ಟಿಂಗ್ ಇಲ್ಲ. ಅದನ್ನು ಹೇಗಾದರೂ ತಲುಪಿಸುವ ಉಪಾಯ ಹುಡುಕಿದ್ದರಿಂದಲೇ ಇಲ್ಲಿಯ ಕಂಪನಿಗಳಿಗೆ ಅಮೆರಿಕದವರ ಮುಂದೆ ನಿಲ್ಲಲು ಒಂದು ಕಾಲು ಸಿಕ್ಕಿತು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಇನ್ನೊಂದು ಕಷ್ಟ, ನೋಟಿಫಿಕೇಶನ್ ಕಳಿಸಲೇ ಅಂತ ಮೊದಲು ಬಳಸುವವರನ್ನು ಕೇಳಬೇಕು. ಆಲ್ ದಿ ಬೆಸ್ಟ್ ಹೇಳು.

ಸೀರೆ ಅಂಗಡಿಯವರು, ಇಳಕಲ್: ನಮ್ಮ ಹತ್ತಿರ ಮೂರು ಸಾವಿರ ಗಿರಾಕಿಗಳ ನಂಬರ್ ಇದೆ. ಹೊಸ ಮಾಲು ಬಂದಾಗ ಕನ್ನಡದಲ್ಲಿ ತಿಳಿಸಬೇಕು. ಎಸ್ಸೆಮ್ಮೆಸ್ ಒಳ್ಳೆಯದೋ ವಾಟ್ಸಾಪೋ? ಒಬ್ಬ ಏಜೆಂಟ್ ಬಂದು ಲಕ್ಷ ಮೆಸೇಜಿನ ಪ್ಯಾಕೇಜ್ ತಗೊಳ್ಳಿ ಅನ್ನುತ್ತಿದ್ದಾನೆ.

ಅಣ್ಣಾ, ಮೂರು ಸಾವಿರ ಗಿರಾಕಿಗೆ ಲಕ್ಷ ಮೆಸೇಜ್ ಯಾಕೆ? ಒಬ್ಬೊಬ್ಬರಿಗೆ ಮೂವತ್ತಮೂರು ಸಲ ಹೇಳಿದರೆ ಸೀರೆ ಬಿಡಿ, ಅಂಗಡಿ ಬೀದಿಗೇ ಬರುವುದಿಲ್ಲ. ಅವನನ್ನು ಚಹಾ ಕೊಟ್ಟು ಕಳಿಸಿ.

ಎಸ್ಸೆಮ್ಮೆಸ್ ಆದರೆ ಮೊದಲು ಡಿಎಲ್‌ಟಿ (ಮೆಸೇಜ್ ಕಳಿಸುವವರ ದಾಖಲೆ ಇಡುವ ವ್ಯವಸ್ಥೆ) ನೋಂದಣಿ ಆಗಬೇಕು. ಅಂಗಡಿಯ ಹೆಸರು, ಕಳಿಸುವ ಹೆಡರ್ (ಕಳಿಸಿದವರ ಹೆಸರಾಗಿ ಫೋನಿನಲ್ಲಿ ಕಾಣುವ ಅಕ್ಷರಗಳು), ಕಳಿಸುವ ವಾಕ್ಯ, ಎಲ್ಲವನ್ನೂ ಮೊದಲೇ ಆಪರೇಟರ್ ಹತ್ತಿರ ದಾಖಲಿಸಬೇಕು. ನೋಂದಣಿಗೆ ಸುಮಾರು 5,900 ರೂಪಾಯಿ ಆಗುತ್ತದೆ. ದಾಖಲಿಸಿದ ವಾಕ್ಯದಲ್ಲಿ ಒಂದು ಚುಕ್ಕೆ ಹೆಚ್ಚುಕಮ್ಮಿ ಆದರೂ ಮೆಸೇಜ್ ಹೋಗುವುದಿಲ್ಲ. 2021ರ ಮಾರ್ಚ್ 8ರ ಸೋಮವಾರ ಇದನ್ನು ದೇಶಕ್ಕೇ ಒಂದೇ ಏಟಿಗೆ ಜಾರಿ ಮಾಡಿದರು. ಒಟಿಪಿ ಬರದೆ ಬ್ಯಾಂಕ್ ವ್ಯವಹಾರ ನಿಂತವು, ಟ್ರಾಯ್ ಏಳು ದಿನ ತಡೆ ಹಿಡಿಯಬೇಕಾಯಿತು. ಆ ದಿನ ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ನಮ್ಮ ಗಿರಾಕಿ ಕಂಪನಿಯೊಂದರ ಮೆಸೇಜ್ ಯಾಕೆ ಸಾಯುತ್ತಿದೆ ಅಂತ ಮಧ್ಯಾಹ್ನದವರೆಗೆ ಹುಡುಕಿದೆ. ದಾಖಲೆಯಲ್ಲಿ ರೂಪಾಯಿಗೆ ಇಂಗ್ಲಿಷಿನ ಎರಡಕ್ಷರ ಮತ್ತು ಚುಕ್ಕೆ ಇತ್ತು. ಹೋಗುತ್ತಿದ್ದ ಮೆಸೇಜಿನಲ್ಲಿ ಯಾರೋ ಚಂದ ಕಾಣಲಿ ಅಂತ ₹ ಗುರುತು ಹಾಕಿದ್ದರು. ಅಷ್ಟೇ.

ಇನ್ನು ಕನ್ನಡ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ 70 ಮಾತ್ರ. ಆ 70 ಕೂಡ ಪೂರ್ತಿ ನಮ್ಮದಲ್ಲ, ಯಾಕೆಂದರೆ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. "ಹೊಸ ಸೀರೆ ಬಂದಿವೆ" ಅನ್ನುವುದು ಕಣ್ಣಿಗೆ 7 ಅಕ್ಷರ, ಆದರೆ ಎರಡು ಖಾಲಿ ಜಾಗ ಸೇರಿ ಲೆಕ್ಕಕ್ಕೆ 15. "ನಿಮ್ಮ" ಅನ್ನುವ ಎರಡಕ್ಷರವೇ 5. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಕಂಪನಿಗಳು ನಮಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಯಾಕೆ ಕಳಿಸುವುದಿಲ್ಲ ಅಂತ ಎಷ್ಟೋ ಜನ ಕೇಳುತ್ತಾರೆ. ಉದಾಸೀನ ಒಂದು ಕಾರಣ, ನಿಜ. ಇದು ಇನ್ನೊಂದು.

ಹಾಗಾಗಿ ನಿಮಗೆ ವಾಟ್ಸಾಪ್ ವಾಸಿ. ವಾಟ್ಸಾಪ್ ಬಿಸಿನೆಸ್ ಆಪ್ ಫ್ರೀ. ಅದರಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಇದನ್ನು ಕೊರತೆ ಅನ್ನುತ್ತಾರೆ, ನಾನು ಹಾಗನ್ನುವುದಿಲ್ಲ. ನಿಮ್ಮ ನಂಬರನ್ನು ಯಾರು ಉಳಿಸಿಕೊಂಡಿದ್ದಾರೋ ಅವರೇ ನಿಮ್ಮ ನಿಜವಾದ ಗಿರಾಕಿ. ಬಿಲ್ ಮಾಡುವಾಗ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಬಾಯಿಬಿಟ್ಟು ಹೇಳಿ. ತೋಪು ತೆನಿ ಸೆರಗಿನ ಒಂದು ಫೋಟೋ ಹಾಕಿ, ಬೆಲೆ ಹಾಕಿ, ಸಾಕು. ಮುಂದೆ ಅಂಗಡಿ ಬೆಳೆದರೆ ದುಡ್ಡು ಕೊಟ್ಟು ಕಳಿಸುವ ದಾರಿ ಇದ್ದೇ ಇದೆ, ಜಾಹೀರಾತು ಮೆಸೇಜಿಗೆ ಒಂದು ರೂಪಾಯಿಯ ಒಳಗೆ. ಅದು ಎಸ್ಸೆಮ್ಮೆಸ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ ಅನ್ನುವುದು ನೆನಪಿರಲಿ. 2025ರ ಜುಲೈನಿಂದ ವಾಟ್ಸಾಪಿನ ಒಡೆಯ ಮೆಟಾ ಮೆಸೇಜಿಗಿಷ್ಟು ಅಂತಲೇ ವಸೂಲಿ ಮಾಡುತ್ತಿದೆ. ಟೋಲ್ ಗೇಟಿನ ಮಾತು ಮೇಲೆ ಹೇಳಿದೆನಲ್ಲ.

ಆಟೋ ಚಾಲಕರು, ಹಾಸನ: ಮುಂಚೆ "ಮಿಸ್ಡ್ ಕಾಲ್ ಕೊಡಿ" ಅಂತ ಗೋಡೆ ಮೇಲೆಲ್ಲ ಬರೆದಿರುತ್ತಿದ್ದರು. ಅದೆಲ್ಲ ಎಲ್ಲಿ ಹೋಯಿತು?

ಒಳ್ಳೇ ಪ್ರಶ್ನೆ. ಮಿಸ್ಡ್ ಕಾಲನ್ನೇ ವ್ಯಾಪಾರ ಮಾಡಿದ ಕಂಪನಿ ಜಿಪ್‌ಡಯಲ್, ಬೆಂಗಳೂರಿನದೇ. ವ್ಯಾಲೆರಿ ವ್ಯಾಗನರ್ ಅನ್ನುವ ಅಮೆರಿಕದ ಹೆಣ್ಣುಮಗಳು ಇಲ್ಲಿಗೆ ಬಂದು, ನಾವು ಕರೆನ್ಸಿ ಉಳಿಸಲು ಒಂದು ರಿಂಗ್ ಕೊಟ್ಟು ಕಟ್ ಮಾಡುವುದನ್ನು ನೋಡಿ, ಇದರಲ್ಲಿ ದುಡ್ಡಿದೆ ಅಂತ ಕಂಡುಕೊಂಡವರಲ್ಲಿ ಒಬ್ಬರು. ನೀವು ಕಟ್ ಮಾಡಿದರೆ ಕಂಪನಿಗೆ ನಿಮ್ಮ ನಂಬರ್ ಸಿಕ್ಕಿತು, ನಿಮಗೆ ಆಫರ್ ಸಿಕ್ಕಿತು, ಯಾರ ಜೇಬಿಗೂ ಕತ್ತರಿ ಇಲ್ಲ. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಕಾಲ್ ಫ್ರೀ ಆಯಿತು. ಕಾಲೇ ಫ್ರೀ ಆದ ಮೇಲೆ ಮಿಸ್ಡ್ ಕಾಲ್ ಯಾಕೆ ಕೊಡುತ್ತೀರಿ? ಅದೇ ತಿಂಗಳು ಟ್ವಿಟರ್ ಬೆಂಗಳೂರಿನ ಎಂಜಿನಿಯರಿಂಗ್ ಕೆಲಸ ನಿಲ್ಲಿಸಿತು. ರಸ್ತೆ ಬದಲಾದದ್ದಲ್ಲ ಇದು, ರಸ್ತೆ ಫ್ರೀ ಆಗಿಯೇ ಬಸ್ಸು ನಿಂತದ್ದು. ಬ್ಯಾಂಕ್ ಬ್ಯಾಲೆನ್ಸ್ ತಿಳಿಯಲು ಮಾತ್ರ ಮಿಸ್ಡ್ ಕಾಲ್ ಇನ್ನೂ ಬದುಕಿದೆ.

ಸಾಫ್ಟ್‌ವೇರ್ ಎಂಜಿನಿಯರ್, ನ್ಯೂಜೆರ್ಸಿ: ನಮ್ಮ ಕಂಪನಿ ಬ್ರೇಜ್ ಬಳಸುತ್ತದೆ. ಇದೆಲ್ಲ ಮೊದಲು ಇಲ್ಲೇ ಶುರುವಾದದ್ದು, ಇಂಡಿಯಾದವರು ನಕಲು ಮಾಡಿದ್ದು ಅಂತ ಇಲ್ಲಿ ಒಬ್ಬರು ವಾದ ಮಾಡಿದರು. ಹೌದಾ?

ಅರ್ಧ ಹೌದು. 2009ರಲ್ಲಿ ಆಪಲ್ ಐಫೋನಿಗೆ ನೋಟಿಫಿಕೇಶನ್ ಕೊಟ್ಟಾಗ ಪೋರ್ಟ್‌ಲ್ಯಾಂಡ್‌ನ ಅರ್ಬನ್ ಏರ್‌ಶಿಪ್ ತಕ್ಷಣ ಅದರ ಮೇಲೆ ಅಂಗಡಿ ತೆರೆಯಿತು. 2011ರಲ್ಲಿ ನ್ಯೂಯಾರ್ಕಿನಲ್ಲಿ ಆಪ್‌ಬಾಯ್ ಹುಟ್ಟಿತು, 2017ರಲ್ಲಿ ಹೆಸರು ಬದಲಿಸಿ ಬ್ರೇಜ್ ಆಯಿತು, 2021ರ ನವೆಂಬರ್‌ನಲ್ಲಿ ಷೇರಿಗೆ 65 ಡಾಲರಿನಂತೆ ಅಮೆರಿಕದ ನಾಸ್‌ಡಾಕ್ ಷೇರುಪೇಟೆಗೆ ಬಂತು. ಆದರೆ 2022ರಲ್ಲಿ ಇದೇ ಕೆಲಸದ, ಸ್ಯಾನ್ ಫ್ರಾನ್ಸಿಸ್ಕೋದ ಲೀನ್‌ಪ್ಲಮ್ ಕಂಪನಿಯನ್ನು ಕೊಂಡದ್ದು ಮುಂಬೈಯ ಕ್ಲೆವರ್‌ಟ್ಯಾಪ್. ವಾದ ಮಾಡಿದವರಿಗೆ ಇದನ್ನೂ ಹೇಳಿ, ಕಾಫಿ ಕುಡಿಯುವಾಗ.

ಹೆಸರು ಬೇಡ, ಬೆಂಗಳೂರು: ಆರು ವರ್ಷ ಎಲ್ಲರಿಗೂ ಮೆಸೇಜ್ ಕಳಿಸಿದಿರಿ. ಎಂದಾದರೂ ಎಡವಟ್ಟಾಗಿದೆಯಾ? ನಿಮ್ಮ ಫೋನಿನಲ್ಲಿ ನೋಟಿಫಿಕೇಶನ್ ಆನ್ ಇದೆಯಾ?

ಆಗಿದೆ. ಒಂದು ಯುಗಾದಿಗೆ "ಪ್ರಿಯ" ಆದ ಮೇಲೆ ಗಿರಾಕಿಯ ಹೆಸರು ಬರಬೇಕಿತ್ತು. ನಾನು ಪಟ್ಟಿಯ ತಪ್ಪು ಕಾಲಂ ಜೋಡಿಸಿದ್ದೆ. ನಲವತ್ತು ಸಾವಿರ ಜನರಿಗೆ "ಪ್ರಿಯ ಬಾಕಿದಾರ, ಯುಗಾದಿ ಶುಭಾಶಯ" ಅಂತ ಹೋಯಿತು. ಮ್ಯಾನೇಜರ್ ಬೈಯಲು ಫೋನ್ ಮಾಡಿ ನಗು ತಡೆಯಲಾರದೆ ಇಟ್ಟರು, ಆಮೇಲೆ ಮತ್ತೆ ಮಾಡಿ ಬೈದರು. ಆಶ್ಚರ್ಯ ಅಂದರೆ ಆ ದಿನ ಕೆಲವರು ಬಾಕಿ ಕಟ್ಟಿದರು.

ನನ್ನ ಫೋನಿನಲ್ಲಿ ಮೂರಕ್ಕೆ ಮಾತ್ರ ಆನ್. ಬ್ಯಾಂಕು, ಹಾಲಿನವನ ಆಪು, ಮತ್ತೆ ವಾಟ್ಸಾಪ್. ವಾಟ್ಸಾಪ್ ಇಟ್ಟುಕೊಂಡದ್ದು ಅಮ್ಮನಿಗಾಗಿ, ಮೆಟ್ರೋ ಟಿಕೆಟ್ಟಿಗಾಗಿ. 2022ರ ರಾಜ್ಯೋತ್ಸವದ ದಿನದಿಂದ ನಮ್ಮ ಮೆಟ್ರೋದ ಟಿಕೆಟ್ ವಾಟ್ಸಾಪಿನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅಮ್ಮ ಮಾತ್ರ ಈಗಲೂ ಮಿಸ್ಡ್ ಕಾಲೇ ಕೊಡುತ್ತಾರೆ. ಕಾಲ್ ಫ್ರೀ ಅಮ್ಮಾ ಅಂದರೆ, ನಿನಗೆ ಕೆಲಸ ಇರುತ್ತಲ್ಲ ಅನ್ನುತ್ತಾರೆ.